ದ್ರವಗಳಲ್ಲಿ ಅಣುಗಳ ಸೆಳೆತ: ಅದನ್ನು ಗುರುತಿಸುವ ಬಗೆ

ಒಂದು ಲೋಹದ ತಟ್ಟೆಯ ಮೇಲೆ ಮೂರು ಹನಿಗಳನ್ನು ಸಾಲಾಗಿ ಇಡೋಣ. ಮೊದಲನೆಯದು ವೈದ್ಯರು ಸೂಜಿ ಚುಚ್ಚುವ ಮುನ್ನ ತೋಳಿಗೆ ಸವರುವ ಸ್ಪಿರಿಟ್, ಎರಡನೆಯದು ನೀರು, ಮೂರನೆಯದು ಕೊಬ್ಬರಿ ಎಣ್ಣೆ. ಕೆಲವೇ ನಿಮಿಷಗಳಲ್ಲಿ ಸ್ಪಿರಿಟ್ಟಿನ ಹನಿ ಮಾಯವಾಗುತ್ತದೆ. ನೀರಿನ ಹನಿ ಅದಕ್ಕಿಂತ ಬಹಳ ಹೊತ್ತು ನಿಂತಿದ್ದು, ಕೊನೆಗೆ ಅದೂ ಆರಿಹೋಗುತ್ತದೆ. ಎಣ್ಣೆಯ ಹನಿಯಾದರೋ ಮರುದಿನ ಬಂದು ನೋಡಿದರೂ ಇಟ್ಟಲ್ಲಿಯೇ ಇರುತ್ತದೆ. ತಟ್ಟೆ ಒಂದೇ, ಬೀಸುವ ಗಾಳಿ ಒಂದೇ, ಕೋಣೆಯ ಉಷ್ಣತೆಯೂ ಒಂದೇ. ಹೀಗಿರುವಾಗ ಮೂರು ಹನಿಗಳ ನಡತೆ ಮೂರು ಬಗೆಯಾಗಿರುವುದಕ್ಕೆ ಕಾರಣವೇನು?

ದ್ರವದ ಅಣುಗಳು ಒಂದನ್ನೊಂದು ಸೆಳೆದು ಹಿಡಿದುಕೊಂಡಿರುತ್ತವೆ. ಆ ಹಿಡಿತವನ್ನು ಬಿಡಿಸಿಕೊಂಡ ಅಣು ಮಾತ್ರ ಆವಿಯಾಗಿ ಹೊರಬೀಳಬಲ್ಲುದು. ಹಿಡಿತ ಬಲವಾದಷ್ಟೂ ಬಿಡುಗಡೆ ಕಷ್ಟ. ಇಷ್ಟನ್ನು ಯಾವ ವಿದ್ಯಾರ್ಥಿಯಾದರೂ ಹೇಳಿಯಾನು. ಆದರೆ ಆ ಹಿಡಿತ ಯಾವ ಬಗೆಯದು, ಒಂದು ದ್ರವವನ್ನು ನಮ್ಮ ಮುಂದಿಟ್ಟರೆ ಅದರಲ್ಲಿ ಯಾವ ಸೆಳೆತ ಮುಖ್ಯವಾಗಿ ಕೆಲಸ ಮಾಡುತ್ತಿದೆಯೆಂದು ಗುರುತಿಸುವುದು ಹೇಗೆ, ಎಂಬ ಪ್ರಶ್ನೆ ಬಂದಾಗ ಅನೇಕರು ತಡವರಿಸುತ್ತಾರೆ. ಈ ಲೇಖನದಲ್ಲಿ ನಾವು ವಿಚಾರಮಾಡಬೇಕೆಂದಿರುವುದು ಅದನ್ನೇ.

ಒಳಗಿನ ಬಂಧ, ಹೊರಗಿನ ಸೆಳೆತ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಿಕೊಳ್ಳಬೇಕು. ನೀರು ಕುದಿಯುವಾಗ ಏಳುವ ಗುಳ್ಳೆಗಳಲ್ಲಿ ಇರುವುದೇನು ಎಂದು ನಾವು ತರಗತಿಯಲ್ಲಿ ಆಗಾಗ ಕೇಳುವುದುಂಟು. ಜಲಜನಕ ಮತ್ತು ಆಮ್ಲಜನಕ ಎಂಬ ಉತ್ತರ ಪ್ರತಿ ಸಲವೂ ಒಂದಿಬ್ಬರಿಂದಾದರೂ ಬರುತ್ತದೆ. ಇದು ನಿಜವಾಗಿದ್ದರೆ ಅಡಿಗೆಮನೆಯಲ್ಲಿ ನೀರು ಕಾಯಿಸುವುದು ಸಿಡಿಮದ್ದನ್ನು ಕಾಯಿಸಿದಂತೆಯೇ ಆಗುತ್ತಿತ್ತು! ಗುಳ್ಳೆಯಲ್ಲಿರುವುದು ನೀರಿನ ಅಣುಗಳೇ. ಕುದಿಯುವಾಗ ಅಣುವಿನ ಒಳಗಿನ ಬಂಧಗಳು ಹರಿಯುವುದಿಲ್ಲ. ಅಣು ಅಣುಗಳ ನಡುವಣ ಸೆಳೆತ ಮಾತ್ರ ಸಡಿಲುತ್ತದೆ.

ಇವೆರಡರ ವ್ಯತ್ಯಾಸ ಎಷ್ಟೆಂಬುದನ್ನು ಅಂಕಿಗಳೇ ಹೇಳುತ್ತವೆ. ಒಂದು ಮೋಲ್ ನೀರನ್ನು, ಎಂದರೆ ಸುಮಾರು 18 ಗ್ರಾಂ ನೀರನ್ನು, ಅದರ ಕುದಿಬಿಂದುವಿನಲ್ಲಿ ಆವಿಯಾಗಿಸಲು ಸುಮಾರು 41 ಕಿಲೋಜೂಲ್ ಶಕ್ತಿ ಸಾಕು. ಅದೇ ನೀರಿನ ಅಣುಗಳನ್ನು ಒಡೆದು ಬಿಡಿ ಪರಮಾಣುಗಳನ್ನಾಗಿ ಮಾಡಬೇಕಾದರೆ ಸುಮಾರು 920 ಕಿಲೋಜೂಲ್ ಬೇಕು. ಹೊರಗಿನ ಸೆಳೆತ ಒಳಗಿನ ಬಂಧದ ಇಪ್ಪತ್ತರಲ್ಲೊಂದು ಪಾಲಿಗಿಂತಲೂ ಕಡಮೆ. ಇಷ್ಟು ದುರ್ಬಲವಾದರೂ ಈ ಸೆಳೆತವಿಲ್ಲದಿದ್ದರೆ ಲೋಕದಲ್ಲಿ ನೀರಿನ ಹನಿಯೇ ಇರುತ್ತಿರಲಿಲ್ಲ. ಅನಿಲದ ಅಣುಗಳೂ ಒಂದನ್ನೊಂದು ಸೆಳೆಯುತ್ತವೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು, ಅನಿಲ ಮತ್ತು ದ್ರವ ಎರಡನ್ನೂ ಒಂದೇ ಸಮೀಕರಣದಿಂದ ವಿವರಿಸಿದವನು ಹಾಲೆಂಡಿನ ವಾನ್ ಡರ್ ವಾಲ್ಸ್. ಆತ 1873ರಲ್ಲಿ ಲೈಡನ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ ಈ ವಿಚಾರವನ್ನು ಮಂಡಿಸಿದನು. 1910ರಲ್ಲಿ ಅವನಿಗೆ ಭೌತವಿಜ್ಞಾನದ ನೊಬೆಲ್ ಬಹುಮಾನ ದೊರೆಯಿತು. ಆದರೆ ಸೆಳೆತ ಹುಟ್ಟುವುದು ಎಲ್ಲಿಂದ ಎಂಬುದು ಅವನ ಕಾಲಕ್ಕೆ ತಿಳಿದಿರಲಿಲ್ಲ.

ಮೂರು ಬಗೆಯ ಸೆಳೆತ

ಈಗ ನಮಗೆ ತಿಳಿದಿರುವಂತೆ ಈ ಸೆಳೆತಗಳೆಲ್ಲದರ ಮೂಲವೂ ವಿದ್ಯುತ್ತೇ. ಅಣುವಿನಲ್ಲಿ ಧನವಿದ್ಯುತ್ತಿನ ಪರಮಾಣುಕೇಂದ್ರಗಳೂ ಋಣವಿದ್ಯುತ್ತಿನ ಎಲೆಕ್ಟ್ರಾನುಗಳೂ ಸಮಸಮವಾಗಿದ್ದರೂ, ಅವು ಹಂಚಿಕೊಂಡಿರುವ ರೀತಿ ಒಂದೊಂದು ಅಣುವಿನಲ್ಲಿ ಒಂದೊಂದು ಬಗೆ. ಇದರಿಂದ ಮೂರು ವಿಧವಾದ ಸೆಳೆತಗಳು ಏರ್ಪಡುತ್ತವೆ.

ಮೊದಲನೆಯದು ಎಲ್ಲ ಅಣುಗಳಲ್ಲಿಯೂ ಇರತಕ್ಕದ್ದು. ಎಲೆಕ್ಟ್ರಾನುಗಳ ಮೋಡ ಒಂದೆಡೆ ನಿಶ್ಚಲವಾಗಿ ನಿಲ್ಲುವುದಿಲ್ಲ. ಒಂದು ಕ್ಷಣ ಅದು ಅಣುವಿನ ಈ ಬದಿಗೆ ತುಸು ವಾಲಿದರೆ ಮರುಕ್ಷಣ ಆ ಬದಿಗೆ ವಾಲುತ್ತದೆ. ವಾಲಿದ ಕ್ಷಣದಲ್ಲಿ ಅಣುವಿಗೆ ಧನ ಮತ್ತು ಋಣ ಎಂಬ ಎರಡು ತುದಿಗಳು ಉಂಟಾಗಿ, ಅದು ಪಕ್ಕದ ಅಣುವಿನ ಮೋಡವನ್ನೂ ವಾಲಿಸುತ್ತದೆ. ಎರಡೂ ಪರಸ್ಪರ ಸೆಳೆಯುತ್ತವೆ. 1930ರಲ್ಲಿ ಜರ್ಮನಿಯ ಫ್ರಿಟ್ಸ್ ಲಂಡನ್ ಇದನ್ನು ಕ್ವಾಂಟಂ ಸಿದ್ಧಾಂತದ ಮೂಲಕ ಲೆಕ್ಕಹಾಕಿ ತೋರಿಸಿದನು. ಆದಕಾರಣ ಇದಕ್ಕೆ ಲಂಡನ್ ಸೆಳೆತವೆಂದು ಹೆಸರು. ಎಲೆಕ್ಟ್ರಾನುಗಳು ಹೆಚ್ಚಿದ್ದಷ್ಟೂ, ಅವುಗಳ ಮೇಲೆ ಕೇಂದ್ರದ ಹಿಡಿತ ಸಡಿಲವಾದಷ್ಟೂ ಈ ಸೆಳೆತ ಹೆಚ್ಚು. ಜಡಾನಿಲಗಳೇ ಇದಕ್ಕೆ ಸಾಕ್ಷಿ. ಎರಡು ಎಲೆಕ್ಟ್ರಾನುಗಳ ಹೀಲಿಯಂ −269 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕುದಿಯುತ್ತದೆ. ಹತ್ತರ ನಿಯಾನ್ −246ರಲ್ಲಿ, ಹದಿನೆಂಟರ ಆರ್ಗಾನ್ −186ರಲ್ಲಿ, ಮೂವತ್ತಾರರ ಕ್ರಿಪ್ಟಾನ್ −153ರಲ್ಲಿ, ಐವತ್ತನಾಲ್ಕರ ಕ್ಸೆನಾನ್ −108ರಲ್ಲಿ. ಇಲ್ಲಿ ಬೇರೆ ಯಾವ ಬಗೆಯ ಸೆಳೆತಕ್ಕೂ ಅವಕಾಶವೇ ಇಲ್ಲ.

ಎರಡನೆಯದು ಶಾಶ್ವತವಾದ ಎರಡು ತುದಿಗಳುಳ್ಳ ಅಣುಗಳದು. ಜಲಜನಕ ಕ್ಲೋರೈಡಿನ ಅಣುವಿನಲ್ಲಿ ಕ್ಲೋರೀನ್ ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಹೆಚ್ಚಾಗಿ ಎಳೆದುಕೊಳ್ಳುವುದರಿಂದ ಆ ತುದಿ ಸದಾ ಸ್ವಲ್ಪ ಋಣ, ಜಲಜನಕದ ತುದಿ ಸದಾ ಸ್ವಲ್ಪ ಧನ. ಇಂಥ ಅಣುವಿಗೆ ದ್ವಿಧ್ರುವವೆಂದು ಹೆಸರು. ಒಂದರ ಧನ ತುದಿ ಮತ್ತೊಂದರ ಋಣ ತುದಿಯನ್ನು ಸೆಳೆಯುತ್ತದೆ.

ಮೂರನೆಯದು ಜಲಜನಕ ಬಂಧ. ಆಮ್ಲಜನಕ, ಸಾರಜನಕ, ಫ್ಲೂರೀನ್ ಇವುಗಳಲ್ಲೊಂದಕ್ಕೆ ನೇರವಾಗಿ ಕೂಡಿಕೊಂಡಿರುವ ಜಲಜನಕ ಪರಮಾಣು ತನಗಿರುವ ಒಂದೇ ಎಲೆಕ್ಟ್ರಾನನ್ನು ಬಹುಮಟ್ಟಿಗೆ ನೆರೆಯವನಿಗೆ ಒಪ್ಪಿಸಿ ಬರಿಗೈಯಾಗಿರುತ್ತದೆ. ಪಕ್ಕದ ಅಣುವಿನ ಆಮ್ಲಜನಕದಲ್ಲಿಯೋ ಸಾರಜನಕದಲ್ಲಿಯೋ ಬಂಧದಲ್ಲಿ ತೊಡಗದೆ ಉಳಿದಿರುವ ಎಲೆಕ್ಟ್ರಾನ್ ಜೋಡಿಯನ್ನು ಅದು ಬಹು ಸಮೀಪಕ್ಕೆ ಹೋಗಿ ಆಶ್ರಯಿಸುತ್ತದೆ. ಅಮೆರಿಕದ ಲ್ಯಾಟಿಮರ್ ಮತ್ತು ರೋಡ್‌ಬುಶ್ ಎಂಬುವರು 1920ರಲ್ಲಿ ಇದೇ ಕಲ್ಪನೆಯಿಂದ ನೀರಿನ ಗುಣಗಳನ್ನು ವಿವರಿಸಿದರು.

ಗುರುತಿಸುವ ಕ್ರಮ

ಈ ಮೂರೂ ಸೆಳೆತಗಳು ಒಂದೇ ದ್ರವದಲ್ಲಿ ಒಟ್ಟಿಗೆ ಇರಬಹುದು. ಕುದಿಬಿಂದುವಾದರೋ ಅವುಗಳ ಒಟ್ಟು ಮೊತ್ತವನ್ನು ತಿಳಿಸುತ್ತದೆಯೇ ಹೊರತು ಯಾವುದರ ಪಾಲು ಎಷ್ಟೆಂಬುದನ್ನು ತಿಳಿಸುವುದಿಲ್ಲ. ಹಾಗಾದರೆ ಬೇರ್ಪಡಿಸುವ ಉಪಾಯವೇನು? ಹೊಸ ಗೊಬ್ಬರದ ಗುಣವನ್ನು ಪರೀಕ್ಷಿಸುವ ಜಾಣ ರೈತ ಒಂದು ಮಡಿಗೆ ಗದ್ದೆಯ ಭತ್ತವನ್ನೂ ಇನ್ನೊಂದು ಮಡಿಗೆ ಹೊಲದ ರಾಗಿಯನ್ನೂ ಹಾಕಿ ಹೋಲಿಸುವುದಿಲ್ಲ. ಮಣ್ಣು, ಬೀಜ, ನೀರು ಎಲ್ಲವನ್ನೂ ಒಂದೇ ಸಮನಾಗಿಟ್ಟು, ಗೊಬ್ಬರವೊಂದನ್ನೇ ಬದಲಿಸಿ ನೋಡುತ್ತಾನೆ. ನಾವು ಮಾಡಬೇಕಾದುದೂ ಅಷ್ಟೆ. ಒಂದು ಸೆಳೆತದಲ್ಲಿ ಮಾತ್ರ ಭಿನ್ನವಾಗಿ, ಉಳಿದುದರಲ್ಲಿ ಆದಷ್ಟೂ ಸಮನಾಗಿರುವ ದ್ರವಗಳನ್ನು ಆರಿಸಿ ಹೋಲಿಸಬೇಕು.

ಅಡಿಗೆ ಅನಿಲದ ಸಿಲಿಂಡರಿನಲ್ಲಿರುವ ಪ್ರೊಪೇನ್, ಡೈಮೀಥೈಲ್ ಈಥರ್, ಮದ್ಯಸಾರವೆನ್ನುವ ಈಥೈಲ್ ಆಲ್ಕೋಹಾಲ್ ಇವು ಮೂರನ್ನು ತೆಗೆದುಕೊಳ್ಳೋಣ. ಅಣುತೂಕಗಳು 44, 46, 46. ಮೂರರ ಅಣುವಿನಲ್ಲಿಯೂ ಎಲೆಕ್ಟ್ರಾನುಗಳು ಸರಿಯಾಗಿ 26. ಆದ್ದರಿಂದ ಲಂಡನ್ ಸೆಳೆತ ಮೂರರಲ್ಲಿಯೂ ಹೆಚ್ಚುಕಡಮೆ ಒಂದೇ. ಪ್ರೊಪೇನಿಗೆ ಶಾಶ್ವತ ತುದಿಗಳು ಇಲ್ಲವೆಂದೇ ಹೇಳಬಹುದು. ಅದು −42 ಡಿಗ್ರಿಯಲ್ಲಿ ಕುದಿಯುತ್ತದೆ. ಈಥರ್ ದ್ವಿಧ್ರುವ, ಅದರ ಕುದಿಬಿಂದು −25. ಆಲ್ಕೋಹಾಲಿನ ಕುದಿಬಿಂದು 78. ದ್ವಿಧ್ರುವತೆ ಬಂದುದರಿಂದ ಏರಿದ್ದು 17 ಡಿಗ್ರಿ. ಜಲಜನಕ ಬಂಧ ಬಂದೊಡನೆ ಏರಿದ್ದು 103 ಡಿಗ್ರಿ!

ಇಲ್ಲಿ ಇನ್ನೊಂದು ಪಾಠವೂ ಅಡಗಿದೆ. ಈಥರ್ ಮತ್ತು ಆಲ್ಕೋಹಾಲುಗಳ ಅಣುಗಳಲ್ಲಿರುವ ಪರಮಾಣುಗಳು ಒಂದೇ: ಎರಡು ಇಂಗಾಲ, ಆರು ಜಲಜನಕ, ಒಂದು ಆಮ್ಲಜನಕ. ಆದರೆ ಈಥರಿನಲ್ಲಿ ಜಲಜನಕಗಳೆಲ್ಲವೂ ಇಂಗಾಲಕ್ಕೆ ಕೂಡಿಕೊಂಡಿವೆ. ಆಲ್ಕೋಹಾಲಿನಲ್ಲಿ ಒಂದು ಜಲಜನಕ ಮಾತ್ರ ಆಮ್ಲಜನಕಕ್ಕೆ ಕೂಡಿದೆ. ಆ ಒಂದೇ ಒಂದು ಪರಮಾಣುವಿನ ಸ್ಥಾನ ಬದಲಾದುದರಿಂದ ಅನಿಲವಾಗಿರಬೇಕಾದ ವಸ್ತು ಸೀಸೆಯಲ್ಲಿಡಬಹುದಾದ ದ್ರವವಾಯಿತು. ಸೂತ್ರದಲ್ಲಿ ಆಮ್ಲಜನಕವೂ ಜಲಜನಕವೂ ಕಂಡವೆಂದ ಮಾತ್ರಕ್ಕೆ ಜಲಜನಕ ಬಂಧವುಂಟೆಂದು ಬರೆಯಬಾರದು. ಯಾವುದು ಯಾವುದಕ್ಕೆ ಕೂಡಿದೆಯೆಂಬ ಚಿತ್ರವನ್ನು ಮೊದಲು ಬಿಡಿಸಬೇಕು.

ದ್ವಿಧ್ರುವತೆಯ ಪಾಲನ್ನು ಇನ್ನೂ ಚೊಕ್ಕಟವಾಗಿ ತೋರಿಸುವ ಜೋಡಿಯೊಂದುಂಟು. ಡೈಕ್ಲೋರೋಎಥಿಲೀನಿನ ಒಂದು ರೂಪದಲ್ಲಿ ಎರಡು ಇಂಗಾಲಗಳು ಜೋಡಿಬಂಧದಿಂದ ಕೂಡಿದ್ದು ಒಂದೊಂದಕ್ಕೂ ಒಂದು ಕ್ಲೋರೀನ್ ಅಂಟಿಕೊಂಡಿರುತ್ತದೆ. ಎರಡು ಕ್ಲೋರೀನುಗಳೂ ಒಂದೇ ಪಕ್ಕದಲ್ಲಿದ್ದರೆ ಅದು ಸಿಸ್ ರೂಪ, ಎದುರುಬದುರಾಗಿದ್ದರೆ ಟ್ರಾನ್ಸ್ ರೂಪ. ಟ್ರಾನ್ಸ್ ರೂಪದಲ್ಲಿ ಎರಡು ಎಳೆತಗಳೂ ವಿರುದ್ಧ ದಿಕ್ಕಿನವಾದ್ದರಿಂದ ಒಂದನ್ನೊಂದು ಹೊಡೆದುಹಾಕುತ್ತವೆ. ಅಣುವಿಗೆ ಒಟ್ಟಿನಲ್ಲಿ ದ್ವಿಧ್ರುವತೆ ಇಲ್ಲ. ಸಿಸ್ ಸುಮಾರು 60 ಡಿಗ್ರಿಯಲ್ಲಿಯೂ ಟ್ರಾನ್ಸ್ ಸುಮಾರು 48ರಲ್ಲಿಯೂ ಕುದಿಯುತ್ತವೆ. ತೂಕ ಒಂದೇ, ಎಲೆಕ್ಟ್ರಾನುಗಳು ಒಂದೇ; 12 ಡಿಗ್ರಿಗಳ ಈ ವ್ಯತ್ಯಾಸ ದ್ವಿಧ್ರುವತೆಯ ಕೊಡುಗೆಯೆಂದು ಹೇಳಬಹುದು.

ಅಣುವಿನ ಆಕಾರವನ್ನೂ ಮರೆಯುವಂತಿಲ್ಲ. ಪೆಂಟೇನಿನ ಮೂರು ರೂಪಗಳಲ್ಲಿ ನೀಳವಾದ ಸರಪಳಿಯುಳ್ಳದ್ದು 36 ಡಿಗ್ರಿಯಲ್ಲಿ ಕುದಿದರೆ, ಒಂದು ಕವಲುಳ್ಳದ್ದು 28ರಲ್ಲಿ, ಉಂಡೆಯಂತೆ ದುಂಡಗಿರುವುದು 9.5ರಲ್ಲಿ ಕುದಿಯುತ್ತದೆ. ಕಟ್ಟಿಗೆಗಳನ್ನು ಕಂತೆಕಟ್ಟಿದಾಗ ಅವು ಉದ್ದಕ್ಕೂ ಒಂದಕ್ಕೊಂದು ತಾಗಿಕೊಳ್ಳುತ್ತವೆ. ನಿಂಬೆಹಣ್ಣುಗಳು ಒಂದು ಚುಕ್ಕೆಯಲ್ಲಿ ಮಾತ್ರ ತಾಗುತ್ತವೆ. ಸ್ಪರ್ಶ ಹೆಚ್ಚಿದ್ದಲ್ಲಿ ಲಂಡನ್ ಸೆಳೆತವೂ ಹೆಚ್ಚು.

ಮೋಸಹೋಗುವ ಸ್ಥಳ

ಪಠ್ಯಪುಸ್ತಕಗಳಲ್ಲಿ ಈ ಮೂರು ಸೆಳೆತಗಳನ್ನು ದುರ್ಬಲ, ಮಧ್ಯಮ, ಪ್ರಬಲ ಎಂದು ಮೆಟ್ಟಿಲುಮೆಟ್ಟಿಲಾಗಿ ಬರೆದಿರುವುದುಂಟು. ಅದನ್ನು ಹಾಗೆಯೇ ಕಂಠಪಾಠ ಮಾಡಿದವರು ಖಂಡಿತವಾಗಿ ಎಡವುತ್ತಾರೆ. ನಾವೂ ವಿದ್ಯಾರ್ಥಿಗಳಾಗಿದ್ದಾಗ ಹೀಗೆ ಎಡವಿದವರೇ. ಜಲಜನಕ ಕ್ಲೋರೈಡ್, ಬ್ರೋಮೈಡ್, ಅಯೊಡೈಡ್ ಈ ಮೂರರಲ್ಲಿ ಯಾವುದರ ಕುದಿಬಿಂದು ಹೆಚ್ಚು ಎಂಬ ಪ್ರಶ್ನೆಗೆ, ಕ್ಲೋರೈಡಿನ ದ್ವಿಧ್ರುವತೆಯೇ ಎಲ್ಲಕ್ಕಿಂತ ಹೆಚ್ಚಾದುದರಿಂದ ಅದರದೇ ಹೆಚ್ಚೆಂದು ನಿಸ್ಸಂದೇಹವಾಗಿ ಬರೆದೆವು. ಉತ್ತರಪತ್ರಿಕೆಯ ಮೇಲೆ ಕೆಂಪು ಗೆರೆ ಬಿದ್ದಾಗ ಮೌಲ್ಯಮಾಪಕರೇ ತಪ್ಪಿದರೆಂದು ಭಾವಿಸಿದೆವು!

ನಿಜಸ್ಥಿತಿ ಹೀಗಿದೆ. ದ್ವಿಧ್ರುವತೆಯ ಅಳತೆ ಈ ಮೂರರಲ್ಲಿ ಕ್ರಮವಾಗಿ ಸುಮಾರು 1.1, 0.8, 0.4 ಡಿಬೈ, ಇಳಿಯುತ್ತ ಹೋಗುತ್ತದೆ. ಕುದಿಬಿಂದುಗಳಾದರೋ −85, −67, −35, ಏರುತ್ತ ಹೋಗುತ್ತವೆ. ಎಲೆಕ್ಟ್ರಾನುಗಳ ಸಂಖ್ಯೆ 18, 36, 54 ಎಂಬುದನ್ನು ಪಕ್ಕದಲ್ಲಿ ಬರೆದುಕೊಂಡರೆ ಗುಟ್ಟು ಬಯಲಾಗುತ್ತದೆ. ಕ್ಲೋರೈಡಿನಲ್ಲಿಯೂ ಸಿಂಹಪಾಲು ಲಂಡನ್ ಸೆಳೆತದ್ದೇ ಎಂದು ಲೆಕ್ಕಗಳು ತಿಳಿಸುತ್ತವೆ. ಹಾಗೆಯೇ ಕ್ಲೋರೋಫಾರಂ ದ್ವಿಧ್ರುವವಾಗಿದ್ದರೂ 61 ಡಿಗ್ರಿಯಲ್ಲಿ ಕುದಿಯುತ್ತದೆ. ಸಂಪೂರ್ಣ ಸಮಾಂಗವಾಗಿದ್ದು ದ್ವಿಧ್ರುವತೆಯೇ ಇಲ್ಲದ ಕಾರ್ಬನ್ ಟೆಟ್ರಾಕ್ಲೋರೈಡ್ 77ರಲ್ಲಿ ಕುದಿಯುತ್ತದೆ. ಮೊದಲನೆಯದರಲ್ಲಿ ಎಲೆಕ್ಟ್ರಾನುಗಳು 58, ಎರಡನೆಯದರಲ್ಲಿ 74.

ಹಾಗೆಂದು ಅಣುತೂಕವನ್ನೇ ನಂಬಿ ಕೂಡುವುದೂ ಸರಿಯಲ್ಲ. ಕಾರ್ಬನ್ ಟೆಟ್ರಾಫ್ಲೂರೈಡಿನ ಅಣುತೂಕ 88. ನೀಳವಾದ ಪೆಂಟೇನಿನದು 72. ಎರಡರಲ್ಲಿಯೂ 42 ಎಲೆಕ್ಟ್ರಾನುಗಳು. ಆದರೂ ಭಾರವಾದ ಮೊದಲನೆಯದು −128ರಲ್ಲಿಯೇ ಕುದಿದುಹೋಗುತ್ತದೆ; ಹಗುರವಾದ ಪೆಂಟೇನ್ 36ರವರೆಗೂ ತಾಳುತ್ತದೆ. ಫ್ಲೂರೀನ್ ತನ್ನ ಎಲೆಕ್ಟ್ರಾನುಗಳನ್ನು ಬಿಗಿಮುಷ್ಟಿಯಲ್ಲಿ ಹಿಡಿದಿರುವುದರಿಂದ ಮೋಡ ಸುಲಭವಾಗಿ ವಾಲದು. ಅಣುವೂ ಗಿಡ್ಡಗೆ ದುಂಡಗೆ ಇದ್ದು ನೆರೆಯವುಗಳನ್ನು ತಾಗುವುದು ಕಡಮೆ. ಭೂಮಿ ಎಳೆಯುವ ತೂಕಕ್ಕೂ ಅಣುಗಳ ಸೆಳೆತಕ್ಕೂ ನೇರವಾದ ಸಂಬಂಧವಿಲ್ಲ. ಅಣುತೂಕ ಎಲೆಕ್ಟ್ರಾನ್ ಮೋಡದ ಗಾತ್ರಕ್ಕೆ ಒಂದು ಒರಟು ಸೂಚನೆ, ಅಷ್ಟೆ.

ನೀರಿನ ವೈಚಿತ್ರ್ಯ

ಈ ಕ್ರಮವನ್ನು ಈಗ ನೀರಿಗೆ ಅನ್ವಯಿಸೋಣ. ಆಮ್ಲಜನಕದ ಕುಟುಂಬಕ್ಕೆ ಸೇರಿದ ಗಂಧಕ, ಸೆಲೆನಿಯಂ, ಟೆಲ್ಯುರಿಯಂಗಳೂ ನೀರಿನಂತೆಯೇ ಎರಡೆರಡು ಜಲಜನಕಗಳೊಡನೆ ಕೂಡುತ್ತವೆ. ಟೆಲ್ಯುರಿಯಂ ಸಂಯುಕ್ತದ ಕುದಿಬಿಂದು −2, ಸೆಲೆನಿಯಮ್ಮಿನದು −41, ಗಂಧಕದ್ದು −60. ಎಲೆಕ್ಟ್ರಾನುಗಳು ಕಡಮೆಯಾದಂತೆ ಕುದಿಬಿಂದು ಇಳಿಯುತ್ತಿದೆ. ಇದೇ ಜಾಡಿನಲ್ಲಿ ಇನ್ನೊಂದು ಹೆಜ್ಜೆ ಇಟ್ಟರೆ ನೀರು −70 ಅಥವಾ −80ರ ಆಸುಪಾಸಿನಲ್ಲಿ ಕುದಿಯಬೇಕಾಗಿತ್ತು. ಅಂಟಾರ್ಕ್ಟಿಕದ ವೊಸ್ಟೋಕ್ ಠಾಣೆಯಲ್ಲಿ 1983ರಲ್ಲಿ −89.2 ಡಿಗ್ರಿಯ ಚಳಿ ದಾಖಲಾಯಿತು. ಅಂಥ ಸ್ಥಳಗಳಲ್ಲಿ ಮಾತ್ರವೇ ನೀರು ದ್ರವವಾಗಿರುವ ಸಂಭವವಿರುತ್ತಿತ್ತು. ಕಾವೇರಿಯೂ ಇಲ್ಲ, ಕಡಲೂ ಇಲ್ಲ, ನಮ್ಮ ಮೈಯಲ್ಲಿ ಹರಿಯುವ ರಕ್ತವೂ ಇಲ್ಲ.

ಹಾಗಾಗದೆ ನೀರು 100 ಡಿಗ್ರಿಯವರೆಗೂ ದ್ರವವಾಗಿ ಉಳಿದಿರುವುದು ಜಲಜನಕ ಬಂಧದಿಂದ. ಆಲ್ಕೋಹಾಲಿನ ಅಣುವಿಗೆ ಹೀಗೆ ಚಾಚಬಲ್ಲ ಜಲಜನಕ ಒಂದೇ ಒಂದು. ನೀರಿನ ಅಣು ಎರಡು ಜಲಜನಕಗಳನ್ನು ಚಾಚಿ, ತನ್ನ ಎರಡು ಎಲೆಕ್ಟ್ರಾನ್ ಜೋಡಿಗಳಿಂದ ಇನ್ನೆರಡನ್ನು ಬರಮಾಡಿಕೊಂಡು, ಒಟ್ಟು ನಾಲ್ಕು ಬಂಧಗಳನ್ನು ಕಟ್ಟಿಕೊಳ್ಳಬಲ್ಲುದು. ಆದ್ದರಿಂದಲೇ ಗಾತ್ರದಲ್ಲಿ ಚಿಕ್ಕದಾದರೂ ನೀರಿನ ಅಣು ಆಲ್ಕೋಹಾಲಿನ ಅಣುವಿಗಿಂತ ಬಿಗಿಯಾಗಿ ಸೆರೆಸಿಕ್ಕಿದೆ.

ಎರಡನೆಯ ಸಾಕ್ಷಿ

ಒಬ್ಬನೇ ಸಾಕ್ಷಿಯ ಮಾತನ್ನು ನಂಬಿ ತೀರ್ಪು ಕೊಡಲಾಗದು. ಐರ್ಲೆಂಡಿನ ಫ್ರೆಡರಿಕ್ ಟ್ರೌಟನ್ 1884ರಲ್ಲಿ ಪ್ರಕಟಿಸಿದ ನಿಯಮ ನಮಗೆ ಎರಡನೆಯ ಸಾಕ್ಷಿಯನ್ನು ಒದಗಿಸುತ್ತದೆ. ಒಂದು ಮೋಲ್ ದ್ರವದ ಗುಪ್ತೋಷ್ಣವನ್ನು ಜೂಲುಗಳಲ್ಲಿ ಬರೆದು, ಅದನ್ನು ಕೆಲ್ವಿನ್ ಮಾನದ ಕುದಿಬಿಂದುವಿನಿಂದ ಭಾಗಿಸಿದರೆ, ಸಾಧಾರಣ ದ್ರವಗಳಿಗೆಲ್ಲ ಸುಮಾರು 85ರಿಂದ 88ರವರೆಗಿನ ಸಂಖ್ಯೆ ಬರುತ್ತದೆ. ಬೆಂಜೀನ್, ಕ್ಲೋರೋಫಾರಂ, ಕಾರ್ಬನ್ ಟೆಟ್ರಾಕ್ಲೋರೈಡ್ ಎಲ್ಲವೂ ಈ ನಿಯಮಕ್ಕೆ ತಲೆಬಾಗುತ್ತವೆ. ಈ ಸಂಖ್ಯೆ ದ್ರವದಿಂದ ಆವಿಗೆ ಹೋಗುವಾಗ ಅಣುಗಳ ಅವ್ಯವಸ್ಥೆ ಎಷ್ಟು ಹೆಚ್ಚಿತೆಂಬುದರ ಅಳತೆ. ನೀರಿಗೆ ಅದು 109, ಆಲ್ಕೋಹಾಲಿಗೆ ಸುಮಾರು 110. ಇವೆರಡರಲ್ಲಿ ಜಲಜನಕ ಬಂಧ ಅಣುಗಳನ್ನು ದ್ರವದಲ್ಲಿಯೇ ಒಂದು ಬಗೆಯ ಶಿಸ್ತಿಗೆ ಒಳಪಡಿಸಿರುವುದರಿಂದ, ಆ ಶಿಸ್ತು ಮುರಿದಾಗ ಅವ್ಯವಸ್ಥೆ ಹೆಚ್ಚಾಗಿ ಹೆಚ್ಚುತ್ತದೆ.

ವಿನೆಗರಿಗೆ ಹುಳಿಯನ್ನು ಕೊಡುವ ಅಸಿಟಿಕ್ ಆಮ್ಲದಲ್ಲಿಯೂ ಜಲಜನಕ ಬಂಧವುಂಟು. ಆದರೆ ಅದರ ಸಂಖ್ಯೆ ಸುಮಾರು 60 ಮಾತ್ರ! ಇದೇನು ವಿರೋಧ? ಈ ಆಮ್ಲದ ಅಣುಗಳು ಎರಡೆರಡಾಗಿ ಕೈಹಿಡಿದುಕೊಂಡು ಆವಿಯಲ್ಲಿಯೂ ಬಹುಮಟ್ಟಿಗೆ ಜೋಡಿಯಾಗಿಯೇ ಇರುತ್ತವೆ. ಕುದಿಯುವಾಗ ಬಂಧಗಳು ಪೂರ್ತಿಯಾಗಿ ಹರಿಯದಿರುವುದರಿಂದ ಗುಪ್ತೋಷ್ಣವೂ ಕಡಮೆ, ಅವ್ಯವಸ್ಥೆಯೂ ಕಡಮೆ. ಸಂಖ್ಯೆ ಮೇಲಕ್ಕೆ ಜಾರಲಿ, ಕೆಳಕ್ಕೆ ಜಾರಲಿ, ಸಾಧಾರಣ ಬೆಲೆಯಿಂದ ದೂರಸರಿದಿದ್ದರೆ ಅಲ್ಲಿ ವಿಶೇಷವೇನೋ ಇದೆಯೆಂದು ತಿಳಿಯಬೇಕು.

ಗೆರೆ ಎಲ್ಲಿದೆ?

ಜಲಜನಕ ಬಂಧಕ್ಕೆ ಆಮ್ಲಜನಕ, ಸಾರಜನಕ, ಫ್ಲೂರೀನ್ ಮೂರೇ ಅರ್ಹವೆಂದು ಮೇಲೆ ಹೇಳಿದೆವು. ತರಗತಿಯ ಮಟ್ಟಕ್ಕೆ ಇದು ಒಳ್ಳೆಯ ನಿಯಮವೇ; ಆದರೆ ಪ್ರಕೃತಿ ಹಾಕಿದ ಗೆರೆಯಲ್ಲ. ಶುದ್ಧ ಮತ್ತು ಅನ್ವಯಿಕ ರಸಾಯನಶಾಸ್ತ್ರದ ಅಂತಾರಾಷ್ಟ್ರೀಯ ಒಕ್ಕೂಟ 2011ರಲ್ಲಿ ಜಲಜನಕ ಬಂಧಕ್ಕೆ ಹೊಸ ವ್ಯಾಖ್ಯೆಯನ್ನು ಕೊಟ್ಟಿತು. ಅದನ್ನು ರೂಪಿಸಿದ ತಂಡದ ಅಧ್ಯಕ್ಷರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್. ಜಲಜನಕ ಕೂಡಿಕೊಂಡಿರುವ ಪರಮಾಣು ಎಲೆಕ್ಟ್ರಾನುಗಳನ್ನು ಜಲಜನಕಕ್ಕಿಂತ ಹೆಚ್ಚಾಗಿ ಎಳೆಯುವಂಥದಾಗಿದ್ದು, ಹೊಸ ಬಂಧ ಏರ್ಪಟ್ಟಿರುವುದಕ್ಕೆ ಪ್ರಮಾಣವಿದ್ದರೆ ಸಾಕು. ಅದನ್ನು ಮೂರೇ ಮೂಲವಸ್ತುಗಳಿಗೆ ಮೀಸಲಿಡಬೇಕಾಗಿಲ್ಲ.

ಗಂಧಕದ ಸಂಯುಕ್ತವೇ ಇದಕ್ಕೆ ಉದಾಹರಣೆ. ಮಂಜುಗಡ್ಡೆಯಲ್ಲಿ ನೀರಿನ ಒಂದು ಅಣುವಿನ ಸುತ್ತ ನಾಲ್ಕೇ ನೆರೆಯ ಅಣುಗಳಿವೆ. ಘನೀಭವಿಸಿದ ಜಲಜನಕ ಸಲ್ಫೈಡಿನಲ್ಲಿ ಹನ್ನೆರಡು. ಆದ್ದರಿಂದ ಅದರಲ್ಲಿ ಜಲಜನಕ ಬಂಧವಿಲ್ಲವೆಂದು ಬಹುಕಾಲ ಹೇಳುತ್ತಿದ್ದರು. ಆದರೆ ಅರುಣನ್ ಅವರೂ ಅವರ ಸಂಗಡಿಗರೂ ಅತಿಶೀತಲ ಸ್ಥಿತಿಯಲ್ಲಿ ಎರಡೇ ಅಣುಗಳ ಜೋಡಿಯನ್ನು ಸೂಕ್ಷ್ಮತರಂಗಗಳಿಂದ ಪರೀಕ್ಷಿಸಿ, ಒಂದರ ಜಲಜನಕ ಇನ್ನೊಂದರ ಗಂಧಕದ ಕಡೆಗೆ ಚಾಚಿರುವುದನ್ನು 2018ರಲ್ಲಿ ಪ್ರಕಟಿಸಿದರು. ಬಂಧವಿದೆ, ಆದರೆ ಸ್ವಲ್ಪ ಉಷ್ಣತೆ ಏರಿದರೂ ಅಣುಗಳ ಕುಣಿತ ಅದನ್ನು ಅಳಿಸಿಹಾಕುವಷ್ಟು ಅದು ಕ್ಷೀಣ. ನಾವು ಇಟ್ಟಿರುವ ಮೂರು ಹೆಸರುಗಳು ಮೂರು ಬೇರೆ ಬೇರೆ ಪೆಟ್ಟಿಗೆಗಳಲ್ಲ, ಒಂದೇ ಹಾದಿಯ ಮೈಲಿಗಲ್ಲುಗಳು.

ಈಗ ನಮ್ಮ ಮೂರು ಹನಿಗಳಿಗೆ ಹಿಂದಿರುಗೋಣ. ಸ್ಪಿರಿಟ್ಟಿನಲ್ಲಿಯೂ ನೀರಿನಲ್ಲಿಯೂ ಮುಖ್ಯವಾದುದು ಜಲಜನಕ ಬಂಧ. ನೀರಿನಲ್ಲಿ ಬಂಧಗಳ ಸಂಖ್ಯೆ ಹೆಚ್ಚಾದುದರಿಂದ ಅದು ನಿಧಾನವಾಗಿ ಆರುತ್ತದೆ. ಕೊಬ್ಬರಿ ಎಣ್ಣೆಯ ಅಣುಗಳ ನಡುವೆಯಾದರೋ ಜಲಜನಕ ಬಂಧವಿಲ್ಲ. ಅದನ್ನು ಹಿಡಿದಿರುವುದು ಬಹುಮಟ್ಟಿಗೆ ಲಂಡನ್ ಸೆಳೆತ, ದುರ್ಬಲವೆಂದು ಎಲ್ಲರೂ ಕಡೆಗಣಿಸುವ ಆ ಸೆಳೆತ. ಆದರೆ ಅದರ ಅಣುತೂಕ 600ನ್ನು ಮೀರಿದ್ದು, ಒಂದೊಂದು ಅಣುವಿಗೂ ಮೂರು ಉದ್ದನೆಯ ಇಂಗಾಲದ ಸರಪಳಿಗಳಿವೆ. ಆ ಸರಪಳಿಗಳ ಉದ್ದಕ್ಕೂ ಒಂದೊಂದು ಎಡೆಯಲ್ಲಿಯೂ ಒಂದೊಂದು ಕ್ಷೀಣವಾದ ಹಿಡಿತ. ಎಲ್ಲವೂ ಸೇರಿದಾಗ ಬಿಡಿಸಲಾಗದ ಹಿಡಿತ. ತೆಂಗಿನ ನಾರಿನ ಒಂದು ಎಳೆಯನ್ನು ಮಗುವೂ ಹರಿಯಬಲ್ಲುದು. ಅದೇ ನಾರನ್ನು ಹೊಸೆದ ಹಗ್ಗ ಎತ್ತನ್ನು ಕಟ್ಟಿನಿಲ್ಲಿಸುತ್ತದೆ.

ಕೊನೆಯಲ್ಲಿ ವಾಚಕರ ಪರೀಕ್ಷೆಗೆ ಮೂರು ವಸ್ತುಗಳು: ಬ್ಯುಟೇನ್, ಅಸಿಟೋನ್, ನೀಳ ಸರಪಳಿಯ ಪ್ರೊಪೈಲ್ ಆಲ್ಕೋಹಾಲ್. ಅಣುತೂಕಗಳು 58, 58, 60, ಕುದಿಬಿಂದುಗಳು −0.5, 56, 97. ಅಣುಗಳ ಚಿತ್ರವನ್ನು ಬರೆದುಕೊಂಡು, ಎಲೆಕ್ಟ್ರಾನುಗಳನ್ನು ಎಣಿಸಿ, ಯಾವ ಏರಿಕೆಗೆ ಯಾವ ಸೆಳೆತ ಕಾರಣವೆಂಬುದನ್ನು ತಾವೇ ಕಂಡುಕೊಂಡರೆ ಈ ಲೇಖನದ ಉದ್ದೇಶ ಸಫಲವಾದಂತೆ.